ಪ್ಯಾಂಥರ್ ಕೆಟ್ಟು ನಿಂತರೆ ಎಲ್ಲಿಂದ ಹುಡುಕಬೇಕು: ಒಂದು ದೋಷ ನಿವಾರಣೆ ಕೈಪಿಡಿ

ಎರಡನೇ ಮಹಾಯುದ್ಧದ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾತು ಎದ್ದರೆ ಎರಡೇ ಪಕ್ಷ. ಒಂದು ಪಕ್ಷದವರಿಗೆ ಅದು ಆ ಯುದ್ಧದ ಅತ್ಯುತ್ತಮ ಟ್ಯಾಂಕ್. ಇನ್ನೊಂದು ಪಕ್ಷದವರಿಗೆ ದಾರಿಯಲ್ಲಿ ಕೆಟ್ಟು ನಿಲ್ಲುವ ಗಾಡಿ. ನನಗೆ ಎರಡೂ ಸಾಲದು. ನಾನು ದಿನಾ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ‘ಗಾಡಿ ಕೆಟ್ಟಿದೆ’ ಅಂತ ಯಾರಾದರೂ ಬಂದು ಹೇಳಿದ ತಕ್ಷಣ ಸ್ಪ್ಯಾನರ್ ಹಿಡಿಯಲು ಆಗಲ್ಲ ಅಲ್ವಾ? ಸದ್ದು ಎಲ್ಲಿಂದ ಬರುತ್ತಿದೆ, ಎಷ್ಟು ದಿನದಿಂದ ಬರುತ್ತಿದೆ, ಏನು ಎಳೆಯುತ್ತಿದ್ದಾಗ ಶುರುವಾಯಿತು, ಓಡಿಸುತ್ತಿದ್ದವರು ಯಾರು, ಇಷ್ಟನ್ನೂ ಕೇಳಬೇಕು. ಪ್ಯಾಂಥರ್‌ಗೂ ಅದೇ ಪ್ರಶ್ನೆಗಳನ್ನು ಹಾಕಿದರೆ ಉತ್ತರ ಸಿಗುತ್ತದೆ. ಉತ್ತರ ಬಹಳ ಸಲ ಮುರಿದ ಭಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಹಿಂದೆ, ನಕ್ಷೆ ಬರೆದ ಮೇಜಿನ ಮೇಲೆ ಇರುತ್ತದೆ. ಅದನ್ನು ತೋರಿಸಲು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಫೋಟೋ ನೋಡಿ ‘ಈ ಗಾಡಿ ಯಾಕೆ ನಿಂತಿದೆ’ ಅಂತ ತಲೆ ಕೆಡಿಸಿಕೊಳ್ಳುವವರಿಗೆ, ಮಾಡೆಲ್ ಕಟ್ಟುವವರಿಗೆ, ಯುದ್ಧದ ವರದಿ ಓದುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಮಾದರಿ ಯಾವುದು ಅಂತ ಗುರುತಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪ್ಯಾಂಥರ್‌ನಲ್ಲಿ ಮುಖ್ಯವಾಗಿ ಮೂರು ಮಾದರಿ: ಡಿ, ಎ, ಜಿ. ಬಂದದ್ದೂ ಅದೇ ಕ್ರಮದಲ್ಲಿ, ಮೊದಲು ಡಿ, ಆಮೇಲೆ ಎ, ಕೊನೆಗೆ ಜಿ. ಎ ಅಂದರೆ ಮೊದಲನೆಯದು ಅಂದುಕೊಂಡು ಎಷ್ಟೋ ಜನ ಎಡವುತ್ತಾರೆ, ಆಮೇಲೆ ಎಲ್ಲ ಲೆಕ್ಕವೂ ತಪ್ಪುತ್ತದೆ.

ಡಿ ಮಾದರಿ ತಯಾರಾದದ್ದು 1943ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ, ಸುಮಾರು 850 ಗಾಡಿ. ಕಮಾಂಡರ್ ತಲೆ ಹಾಕುವ ಪುಟ್ಟ ಗುಮ್ಮಟ ಡಬ್ಬಿಯ ಹಾಗೆ ನೆಟ್ಟಗಿದ್ದು ಸುತ್ತ ಸೀಳುಕಿಂಡಿ ಇದ್ದರೆ ಅದು ಡಿ. ಎ ಮಾದರಿಯಲ್ಲಿ ಅದೇ ಗುಮ್ಮಟ ಎರಕ ಹೊಯ್ದದ್ದು, ಸುತ್ತ 7 ಪೆರಿಸ್ಕೋಪ್ ಇರುತ್ತವೆ. ಇದು ಸುಮಾರು 2200 ತಯಾರಾಯಿತು. ಜಿ ಮಾದರಿ 1944ರ ಮಾರ್ಚ್‌ನಿಂದ ಯುದ್ಧ ಮುಗಿಯುವವರೆಗೆ ಬಂತು, ಸುಮಾರು 2900. ಚಾಲಕನ ಎದುರು ಮುಂಭಾಗದ ತಗಡಿನಲ್ಲಿ ಕಿಂಡಿಯೇ ಇಲ್ಲದಿದ್ದರೆ, ಪಕ್ಕದ ಮೇಲ್ತಗಡಿನ ಕೆಳ ಅಂಚು ಮುಂದಿನಿಂದ ಹಿಂದಿನವರೆಗೆ ಒಂದೇ ನೇರ ಗೆರೆಯಲ್ಲಿದ್ದರೆ ಅದು ಜಿ. ಆ ಪಕ್ಕದ ತಗಡನ್ನು 40 ಮಿಲಿಮೀಟರಿನಿಂದ 50ಕ್ಕೆ ಏರಿಸಿದರು. ತೂಕ ಹೆಚ್ಚಾಗಬಾರದು ಅಂತ ಮೂತಿಯ ಕೆಳಗಿನ ತಗಡನ್ನು 60ರಿಂದ 50ಕ್ಕೆ ಇಳಿಸಿದರು. ತೂಕದ ಚಿಂತೆ ಅವರಿಗೆ ಎಷ್ಟಿತ್ತು ಅನ್ನುವುದು ಈ ಒಂದು ಬದಲಾವಣೆಯಲ್ಲೇ ಕಾಣುತ್ತದೆ.

ಮಾದರಿ ಏಕೆ ಮುಖ್ಯ ಅಂದರೆ, ಎಂಜಿನ್ ಬೆಂಕಿಯ ಕಥೆ ಹೆಚ್ಚಾಗಿ ಡಿ ಮಾದರಿಯದು. ಫೈನಲ್ ಡ್ರೈವ್, ಅಂದರೆ ಚೈನಿಗೆ ಬಲ ಮುಟ್ಟಿಸುವ ಕೊನೆಯ ಗೇರುಗಳ ಕಥೆ ಮೂರರದ್ದೂ ಹೌದು. ಡಿ ಮಾದರಿಯ ದೂರನ್ನು ಜಿ ಮಾದರಿಯ ತಲೆಗೆ ಕಟ್ಟಿದರೆ ರೋಗ ಒಂದು, ಮದ್ದು ಇನ್ನೊಂದು ಆಗುತ್ತದೆ.

ತಾನಾಗಿ ನಿಂತದ್ದೋ, ಹೊಡೆತ ತಿಂದು ನಿಂತದ್ದೋ

ಎರಡನೇ ಕೆಲಸ ಇದು. ಸೋವಿಯತ್ ನೆಲದಲ್ಲಿ ನಡೆದ ಕುರ್ಸ್ಕ್ ಯುದ್ಧವನ್ನೇ ತೆಗೆದುಕೊಳ್ಳಿ. 1943ರ ಜುಲೈ 5ಕ್ಕೆ ಜರ್ಮನರ ದಾಳಿ ಶುರು. 51 ಮತ್ತು 52ನೇ ಟ್ಯಾಂಕ್ ಬೆಟಾಲಿಯನ್‌ಗಳಿಗೆ ಸೇರಿ 200 ಪ್ಯಾಂಥರ್, ಎಲ್ಲವೂ ಡಿ ಮಾದರಿ. ಜುಲೈ 10ರ ಸಂಜೆ ಮುಂಚೂಣಿಯಲ್ಲಿ ಓಡುವ ಸ್ಥಿತಿಯಲ್ಲಿ ಉಳಿದದ್ದು 10. ಈ ಒಂದು ಅಂಕಿಯನ್ನು ಹಿಡಿದು ‘190 ಪ್ಯಾಂಥರ್ ಐದೇ ದಿನಕ್ಕೆ ಕೆಟ್ಟು ಹೋದವು’ ಅಂತ ಬರೆಯುವವರನ್ನು ನೋಡಿದ್ದೇನೆ. ಅದು ತಪ್ಪು.

ಆಗಿನ ಜರ್ಮನ್ ವರದಿಯ ಲೆಕ್ಕ ಬಿಡಿಸಿ ನೋಡೋಣ. 25 ಗಾಡಿ ಪೂರ್ತಿ ಹೋದವು. ಅದರಲ್ಲಿ 23 ಶತ್ರುವಿನ ಗುಂಡು ತಗುಲಿ ಸುಟ್ಟವು, 2 ಮಾತ್ರ ಯುದ್ಧಕ್ಕೆ ಹೋಗುವ ದಾರಿಯಲ್ಲೇ ಬೆಂಕಿ ಹತ್ತಿ ಸುಟ್ಟವು. 100 ಗಾಡಿ ರಿಪೇರಿಗೆ ಕಾಯುತ್ತಿದ್ದವು. ಅವುಗಳಲ್ಲಿ 56 ಗುಂಡು ಮತ್ತು ನೆಲಬಾಂಬಿಗೆ ಸಿಕ್ಕಿದ್ದು, 44 ಯಂತ್ರದ ದೋಷದಿಂದ ನಿಂತದ್ದು. ಸುಮಾರು 40 ಆಗಲೇ ರಿಪೇರಿಯಾಗಿ ವಾಪಸ್ ಹೊರಟಿದ್ದವು. ಇನ್ನು ಸುಮಾರು 25 ಗಾಡಿಗಳನ್ನು ಬಿದ್ದ ಜಾಗದಿಂದ ಎಳೆದು ತರುವುದೇ ಆಗಿರಲಿಲ್ಲ. ಯಂತ್ರದ ದೋಷ ಇದ್ದವುಗಳಲ್ಲೂ ಶೇಕಡ 60ರಷ್ಟು ಸುಲಭವಾಗಿ ಸರಿಮಾಡುವಂಥವು ಅಂತ ಅದೇ ವರದಿ ಹೇಳುತ್ತದೆ.

ಅಂದರೆ ರಿಪೇರಿಗೆ ಕಾಯುತ್ತಿದ್ದ ಗಾಡಿಗಳಲ್ಲಿ ಯಂತ್ರದ ದೋಷಕ್ಕಿಂತ ನೆಲಬಾಂಬು, ಗುಂಡಿನ ಪೆಟ್ಟೇ ಜಾಸ್ತಿ. ಹಾಗಂತ 44 ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಹೊಸ ಗಾಡಿ, ಐದೇ ದಿನ, ಅಷ್ಟರಲ್ಲಿ 44 ಅಂದರೆ ತಯಾರಕರ ಮೇಲೆ ಯಾರಾದರೂ ಹರಿಹಾಯುತ್ತಾರೆ. ಆದರೆ ದೋಷ ಹುಡುಕಲು ಕೂತವರು ಗುಂಡಿನ ಗಾಯವನ್ನು ಗೇರಿನ ಲೆಕ್ಕಕ್ಕೆ ಸೇರಿಸಬಾರದು.

ಎಂಜಿನ್ ಓಡುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಇದೇ ಪ್ಯಾಂಥರ್‌ನ ದೊಡ್ಡ ರೋಗ. ನಿಧಾನವಾಗಿ ನೋಡೋಣ.

ಎಂಜಿನ್ ಹಿಂದೆ ಇದೆ. ಅಲ್ಲಿಂದ ಒಂದು ಉದ್ದ ಶಾಫ್ಟ್, ಫಿರಂಗಿ ಹೊತ್ತು ತಿರುಗುವ ಗೋಪುರದ ನೆಲದಡಿ ಹಾದು ಮುಂದೆ ಬರುತ್ತದೆ. ಮುಂದೆ ಚಾಲಕ ಮತ್ತು ರೇಡಿಯೋದವನ ನಡುವೆ ಗೇರ್ ಬಾಕ್ಸ್ ಕೂತಿದೆ. ಅದರ ಮುಂದೆ ಸ್ಟೀರಿಂಗ್. ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಫೈನಲ್ ಡ್ರೈವ್, ಅದರ ಹೊರಗೆ ಚೈನು ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್. ಫೈನಲ್ ಡ್ರೈವ್ ಕೆಲಸ ಸುಲಭವಾಗಿ ಹೇಳುವುದಾದರೆ, ವೇಗ ಇಳಿಸಿ ಬಲ ಏರಿಸುವುದು. ಸ್ಪ್ರಾಕೆಟ್‌ಗಿಂತ ಮೊದಲಿನ ಕೊನೆಯ ಗೇರುಗಳು ಇವು. ಇಡೀ ಗಾಡಿಯ ಭಾರ, ಎಂಜಿನ್ನಿನ ಪೂರ್ತಿ ಬಲ, ಎರಡೂ ಇಲ್ಲೇ ಎದುರಾಬದುರಾಗುತ್ತವೆ.

ಲಕ್ಷಣ ಹೇಗೆ ಓದಬೇಕು? ಎರಡೂ ಚೈನು ಅಲುಗದಿದ್ದರೆ ಮೊದಲು ಕ್ಲಚ್ಚು, ಗೇರ್ ಬಾಕ್ಸ್ ಕಡೆ ನೋಡಿ. ಒಂದು ಚೈನು ಎಳೆದು ಇನ್ನೊಂದು ಸುಮ್ಮನಿದ್ದು, ಗಾಡಿ ಸುಮ್ಮನಿದ್ದ ಕಡೆಗೇ ವಾಲಿ ತಿರುಗುತ್ತಿದ್ದರೆ ಆ ಕಡೆಯ ಫೈನಲ್ ಡ್ರೈವ್ ಹೋಗಿದೆ ಅಂತ ಅನುಮಾನಿಸಿ. ಟ್ರ್ಯಾಕ್ಟರ್ ರಿಪೇರಿಯವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ನಮ್ಮ ಟ್ರ್ಯಾಕ್ಟರ್‌ನಲ್ಲಿ ಡಿಫರೆನ್ಷಿಯಲ್ ಲಾಕ್ ಹಾಕದೆ ಇದ್ದಾಗ ಒಂದು ಕಡೆಯ ಗೇರ್ ಹಲ್ಲು ಹಾರಿದರೆ ಬಲವೆಲ್ಲ ಆ ಸಡಿಲವಾದ ಕಡೆಗೇ ಹರಿದು ಗಾಡಿ ನಿಂತಲ್ಲೇ ನಿಲ್ಲುತ್ತದೆ. ಪ್ಯಾಂಥರ್‌ನಲ್ಲಿ ನೇರ ಹೋಗುವಾಗ ಎರಡೂ ಕಡೆಗೆ ಬಲ ಬಿಗಿಯಾಗಿ ಹಂಚಿರುತ್ತದೆ. ಒಂದು ಕಡೆ ಸತ್ತರೂ ಇನ್ನೊಂದು ಕಡೆ ಎಳೆಯುತ್ತಲೇ ಇರುತ್ತದೆ. ಒಂದೇ ತೊಂದರೆ, ಎರಡು ಗಾಡಿಯಲ್ಲಿ ಎರಡು ಲಕ್ಷಣ. ಮುರಿದ ಹಲ್ಲಿನ ಚೂರು ಇನ್ನೆರಡು ಹಲ್ಲಿನ ನಡುವೆ ಸಿಕ್ಕಿಕೊಂಡರೆ ಮಾತ್ರ ಕಥೆ ಬೇರೆ, ಆಗ ಚೈನು ಕಲ್ಲಿನ ಹಾಗೆ ಬಿಗಿದು ನಿಲ್ಲುತ್ತದೆ.

ಇನ್ನು ಒಳಗೆ ಏನಾಗಿದೆ ಅಂತ ತಿಳಿಯಲು ಎಣ್ಣೆ ನೋಡಬೇಕು. ಈ ಕೆಲಸಕ್ಕೆ 1943 ಆದರೇನು, ಈಗಾದರೇನು. ಮೊನ್ನೆ ಒಂದು ಟ್ರ್ಯಾಕ್ಟರ್ ಬಂತು, ಹಿಂದಿನ ಎಡಗಡೆಯಿಂದ ಸದ್ದು. ಡ್ರೈನ್ ಪ್ಲಗ್ ಬಿಚ್ಚಿ ಹಳೆಯ ತಟ್ಟೆಗೆ ಎಣ್ಣೆ ಬಿಟ್ಟೆ. ಕಪ್ಪು ಎಣ್ಣೆ ದಾರದ ಹಾಗೆ ಇಳಿಯುವಾಗ ಬಿಸಿಲಿಗೆ ಅಲ್ಲಲ್ಲಿ ಫಳಫಳ ಅಂತು. ಎರಡು ಬೆರಳ ನಡುವೆ ತಿಕ್ಕಿದರೆ ಮರಳು ಸಿಕ್ಕ ಹಾಗೆ ಚುಚ್ಚಿತು. ಅಯಸ್ಕಾಂತ ಅದ್ದಿ ತೆಗೆದರೆ ಗಡ್ಡ ಬೆಳೆದ ಹಾಗೆ ಉಕ್ಕಿನ ಸೂಜಿಗಳು, ಅವುಗಳ ನಡುವೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಚೂರು. ಆ ಚೂರಿನ ಒಂದು ಮುಖ ಕನ್ನಡಿಯ ಹಾಗೆ ನುಣುಪು, ಇನ್ನೊಂದು ಮುಖ ಸಕ್ಕರೆ ಗಟ್ಟಿಯ ಹಾಗೆ ಒರಟು. ನುಣುಪು ಮುಖ ಹಲ್ಲಿನ ಮೈ, ಒರಟು ಮುಖ ಮುರಿದ ಜಾಗ. ಬೇರಿಂಗ್ ಹೋಗಿದ್ದರೆ ಇಂಥ ಚೂರು ಬರಲ್ಲ, ತೆಳ್ಳಗಿನ ಪದರ ಬರುತ್ತದೆ. ಫೈನಲ್ ಡ್ರೈವ್ ಯಾವುದೇ ಗಾಡಿಯದಾಗಲಿ, ಬಿಚ್ಚುವ ಮೊದಲೇ ಅರ್ಧ ಕಥೆಯನ್ನು ಆ ತಟ್ಟೆ ಹೇಳಿಬಿಡುತ್ತದೆ.

ಸರಿ, ಹಲ್ಲು ಮುರಿದಿದೆ. ಬದಲಿಸಿ ಹಾಕಿದರೆ ಆಯಿತಾ? ಇಲ್ಲ, ಮತ್ತೆ ಮುರಿಯುತ್ತದೆ. ಏಕೆ ಅಂತ ಹಿಂದಕ್ಕೆ ಹೋಗಬೇಕು.

ಮೊದಲನೆಯದು ಗೇರಿನ ಬಗೆ. ಟ್ಯಾಂಕ್ ಫೈನಲ್ ಡ್ರೈವ್‌ಗೆ ಹೇಳಿ ಮಾಡಿಸಿದ್ದು ಎಪಿಸೈಕ್ಲಿಕ್ ಗೇರ್. ನಡುವೆ ಒಂದು ಗೇರು, ಸುತ್ತ ಮೂರೋ ನಾಲ್ಕೋ ಸಣ್ಣ ಗೇರು, ಅವೆಲ್ಲ ಒಳಹಲ್ಲು ಇರುವ ಒಂದು ಬಳೆಯೊಳಗೆ ತಿರುಗುತ್ತವೆ. ಭಾರ ಮೂರು ನಾಲ್ಕು ಕಡೆ ಹಂಚಿ ಹೋಗುತ್ತದೆ. ಆದರೆ ಆ ಬಳೆಯ ಒಳಗೆ ಹಲ್ಲು ಕತ್ತರಿಸಲು ವಿಶೇಷ ಯಂತ್ರ ಬೇಕು. ಯುದ್ಧದ ನಡುವೆ ಆ ಯಂತ್ರಗಳು ಜರ್ಮನಿಯಲ್ಲಿ ಸಾಕಷ್ಟು ಇರಲಿಲ್ಲ. ಹಾಗಾಗಿ ನಮ್ಮ ಟ್ರ್ಯಾಕ್ಟರ್‌ನ ಬುಲ್ ಪಿನಿಯನ್, ಬುಲ್ ಗೇರ್ ಜೋಡಿಯಂಥ ಸಾದಾ ನೇರಹಲ್ಲಿನ ಗೇರುಗಳನ್ನೇ ಎರಡು ಹಂತದಲ್ಲಿ ಹಾಕಿದರು. ಸಣ್ಣ ಪಿನಿಯನ್ನಿನ ಒಂದೆರಡು ಹಲ್ಲುಗಳ ಮೇಲೆ ಪೂರ್ತಿ ಭಾರ. ಬಿಡಿಬಿಡಿಯಾಗಿ ಕತ್ತರಿಸಿ ಜೋಡಿಸಲು ಇದು ಸುಲಭ. ಟ್ರ್ಯಾಕ್ಟರ್‌ಗೆ ಸಾಕು ಕೂಡ. 45 ಟನ್ ಗಾಡಿಗೆ ಸಾಲದು.

ಎರಡನೆಯದು ಆ 45 ಟನ್. 1941ರಲ್ಲಿ ಸೋವಿಯತ್ ಟಿ-34 ಟ್ಯಾಂಕ್ ಎದುರಾದಾಗ ಜರ್ಮನರಿಗೆ ದಂಗುಬಡಿಯಿತು, ನವೆಂಬರ್‌ನಲ್ಲಿ ಒಂದು ತಂಡವೇ ಮುಂಚೂಣಿಗೆ ಹೋಗಿ ಅದನ್ನು ನೋಡಿ ಬಂತು. ಹೊಸ ಮಧ್ಯಮ ಟ್ಯಾಂಕು 30 ಟನ್ ತರಗತಿಯದು ಅಂತ ಶುರು ಮಾಡಿದರು. ಡೈಮ್ಲರ್-ಬೆಂಜ್ ಮತ್ತು ಎಂಎಎನ್ ಎರಡೂ ಕಂಪನಿಗಳು ನಕ್ಷೆ ಕೊಟ್ಟವು, 1942ರ ಮೇ ತಿಂಗಳಲ್ಲಿ ಎಂಎಎನ್‌ನದು ಆಯ್ಕೆಯಾಯಿತು. ನಕ್ಷೆಯ ಹಂತದಲ್ಲೇ ತೂಕ ಏರುತ್ತಾ ಹೋಗಿತ್ತು. ಆ ಮೇಲೆ ಮುಂಭಾಗದ ಕವಚ 60 ಮಿಲಿಮೀಟರ್ ಸಾಲದು, 80 ಮಾಡಿ ಅಂತ ಹಿಟ್ಲರ್ ಹೇಳಿದ. ಉದ್ದ ನಳಿಗೆಯ 7.5 ಸೆಂಟಿಮೀಟರ್ ಫಿರಂಗಿ, ಅದಕ್ಕೆ ದೊಡ್ಡ ಗೋಪುರ. ಕಾರ್ಖಾನೆಯಿಂದ ಹೊರಬಿದ್ದಾಗ ಗಾಡಿ 43ರಿಂದ 45 ಟನ್. ಅಂದುಕೊಂಡದ್ದಕ್ಕಿಂತ ಒಂದೂವರೆ ಪಟ್ಟು. ಕವಚ ದಪ್ಪ ಆಯಿತು, ಫಿರಂಗಿ ಉದ್ದ ಆಯಿತು, ಎಂಜಿನ್ ದೊಡ್ಡದಾಯಿತು. ಫೈನಲ್ ಡ್ರೈವ್ ಮಾತ್ರ ಅದಕ್ಕೆ ತಕ್ಕ ಹಾಗೆ ಬೆಳೆಯಲೇ ಇಲ್ಲ.

ಮೂರನೆಯದು ಉಕ್ಕು. ಗಟ್ಟಿ ಗೇರಿಗೆ ಬೇಕಾದ ಮಿಶ್ರಲೋಹಗಳು ಜರ್ಮನಿಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಬದಲಿ ಉಕ್ಕಿನ ಹಲ್ಲು ಅಷ್ಟು ಬಾಳುವುದಿಲ್ಲ. ಇದರ ಜೊತೆಗೆ ಅವಸರ. ಕುರ್ಸ್ಕ್‌ಗೆ ಬೇಕು ಅಂತ ಗಡುವು ಹಾಕಿ ತಯಾರಿಸಿದ ಮೊದಲ ಕಂತಿನ ಗಾಡಿಗಳನ್ನು ವಾಪಸ್ ಕರೆಸಿ, ಮತ್ತೆ ಬಿಚ್ಚಿ ಕಟ್ಟಬೇಕಾಯಿತು. ಜರ್ಮನಿಯ ಯುದ್ಧ ಕಾರ್ಖಾನೆಗಳಲ್ಲಿ ಬೇರೆ ದೇಶಗಳಿಂದ ಹಿಡಿದು ತಂದವರನ್ನು ಬಲವಂತವಾಗಿ ದುಡಿಸಿದ್ದೂ ಇದೇ ಕಾಲದಲ್ಲಿ. ಅವರ ನೋವಿನ ಮುಂದೆ ಗೇರಿನ ಹಲ್ಲಿನ ಮಾತು ಸಣ್ಣದು. ಈ ಟ್ಯಾಂಕನ್ನು ಹೊಗಳುವಾಗ ಇದನ್ನು ಮರೆಯುವುದು ಸರಿಯಲ್ಲ ಅಂತ ಹೇಳಿಯೇ ಮುಂದೆ ಹೋಗುತ್ತೇನೆ.

ನಾಲ್ಕನೆಯದು ಚಾಲಕ. ಯುದ್ಧ ಸಾಗಿದಂತೆ ತರಬೇತಿಗೆ ಪೆಟ್ರೋಲೂ ಇಲ್ಲ, ಸಮಯವೂ ಇಲ್ಲ. ಹೊಸಬರು ಮೆದು ನೆಲದಲ್ಲಿ ಹಿಂದಕ್ಕೆ ಹೋಗುತ್ತಾ ಜೋರಾಗಿ ತಿರುಗಿಸಿದರೆ, ಒಂದೇ ಸಲಕ್ಕೆ ಕ್ಲಚ್ ಬಿಟ್ಟು ಎಳೆದರೆ, ಮೊದಲೇ ಸೋತ ಹಲ್ಲು ಅಲ್ಲೇ ಕಥೆ ಮುಗಿಸುತ್ತದೆ. ಪ್ಯಾಂಥರ್ ನಿಂತಲ್ಲೇ ಒಂದು ಚೈನು ಮುಂದೆ ಒಂದು ಹಿಂದೆ ಮಾಡಿ ತಿರುಗಬಲ್ಲದು. ಬಹಳ ಜನ ಇದನ್ನು ಅದರ ಹೆಗ್ಗಳಿಕೆ ಅನ್ನುತ್ತಾರೆ. ಆ ಫೈನಲ್ ಡ್ರೈವ್ ಇಟ್ಟುಕೊಂಡು ಹಾಗೆ ತಿರುಗುವುದು ಗಾಡಿಗೆ ಮಾಡುವ ದ್ರೋಹ.

ಎಷ್ಟು ಬಾಳುತ್ತಿತ್ತು? ಯುದ್ಧ ಮುಗಿದ ಮೇಲೆ ಫ್ರಾನ್ಸ್ ಸೇನೆ ಉಳಿದ ಪ್ಯಾಂಥರ್‌ಗಳನ್ನು ಕೆಲವು ವರ್ಷ ಓಡಿಸಿ, 1947ರಲ್ಲಿ ವರದಿ ಬರೆಯಿತು. ಅದರ ಪ್ರಕಾರ ಫೈನಲ್ ಡ್ರೈವ್ ಬಾಳಿಕೆ ಸರಾಸರಿ 150 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗಿಂತ ಸ್ವಲ್ಪವೇ ಜಾಸ್ತಿ. ಆದರೆ 1944ರ ಮಾರ್ಚ್‌ನಲ್ಲಿ ಜರ್ಮನ್ ಟ್ಯಾಂಕ್ ಪಡೆಯ ಜನರಲ್ ಗುಡೇರಿಯನ್ ಕೊಟ್ಟ ವರದಿಯಲ್ಲಿ ಮೊದಲಿನಂಥ ಫೈನಲ್ ಡ್ರೈವ್ ಮುರಿತ ಈಗ ಕಾಣುತ್ತಿಲ್ಲ ಅಂತ ಇದೆ. ಯಾವುದು ಸುಳ್ಳು? ನನ್ನ ಅನುಭವದಲ್ಲಿ ಎರಡೂ ನಿಜ ಇರಬಹುದು. ಪಳಗಿದ ಚಾಲಕ ಜೋಪಾನವಾಗಿ ಓಡಿಸಿದ ಗಾಡಿ ಬೇರೆ, ಯುದ್ಧದ ಕೊನೆಯ ಉಕ್ಕಿನಲ್ಲಿ ಮಾಡಿ, ಎಲ್ಲೆಲ್ಲೋ ಜಜ್ಜಿ, ಆಮೇಲೆ ಇನ್ನೊಂದು ದೇಶದ ಕೈಗೆ ಬಂದ ಗಾಡಿ ಬೇರೆ. ಹಾಗಾಗಿ 150 ಅನ್ನುವ ಅಂಕಿಯನ್ನು ಎಲ್ಲ ಪ್ಯಾಂಥರ್‌ಗಳ ಹಣೆಗೆ ಅಂಟಿಸಬೇಡಿ. ಅದನ್ನು ಸುಳ್ಳು ಅಂತ ತಳ್ಳಿಹಾಕಲೂಬೇಡಿ, ಮೂಲ ವಿನ್ಯಾಸ ಕೊನೆಯವರೆಗೂ ಬದಲಾಗಲಿಲ್ಲ. ಎಪಿಸೈಕ್ಲಿಕ್ ಹಾಕುವ ಆಲೋಚನೆ ಇತ್ತು, ಕಾರ್ಖಾನೆಯ ಸಾಲಿಗೆ ಅದು ಬರಲೇ ಇಲ್ಲ.

ಹೊಗೆ, ಬೆಂಕಿ, ಬಿಸಿ

ಎಂಜಿನ್ ಕಡೆ ಬರೋಣ. ಮೊದಲ 250 ಗಾಡಿಗಳಲ್ಲಿ ಮೇಬಾಖ್ ಎಚ್‌ಎಲ್ 210, ಅಲ್ಯೂಮಿನಿಯಂ ಬ್ಲಾಕ್, 21 ಲೀಟರ್. 1943ರ ಮೇ ತಿಂಗಳಿಂದ ಎಚ್‌ಎಲ್ 230, ಎರಕದ ಕಬ್ಬಿಣದ ಬ್ಲಾಕ್, 23 ಲೀಟರ್, ನಿಮಿಷಕ್ಕೆ 3000 ಸುತ್ತಿಗೆ 700 ಅಶ್ವಶಕ್ತಿ. ಸಿಲಿಂಡರ್ ವ್ಯಾಸ 125ರಿಂದ 130 ಮಿಲಿಮೀಟರ್‌ಗೆ ಏರಿತು, ಎಂಜಿನ್ನಿನ ಹೊರಗಿನ ಅಳತೆ ಹೆಚ್ಚೇನೂ ಬದಲಾಗಲಿಲ್ಲ. ಹಾಗಾದರೆ ಸಿಲಿಂಡರ್‌ಗಳ ನಡುವೆ ಏನು ಉಳಿಯಿತು ಅಂತ ನೀವೇ ಯೋಚಿಸಿ. ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೂರಲು ಜಾಗವೇ ಸಾಲದು. ನೀರು ಸಿಲಿಂಡರಿಗೆ ಇಳಿಯುತ್ತಿದ್ದರೆ, ಎಂಜಿನ್ ಬೇಗ ಬಿಸಿಯಾಗುತ್ತಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ ನೋಡಿ. ಇದಕ್ಕೆ ಅವರು ಕಂಡುಕೊಂಡ ದಾರಿ, ತೋಡು ಕೊರೆದು ತಾಮ್ರದ ಬಳೆ ಒತ್ತಿ ಕೂರಿಸುವುದು.

ಎಂಜಿನ್ ಒಳಗಿಂದ ಬಡಿಯುವ ಸದ್ದು ಬಂದು, ಎಣ್ಣೆ ಒತ್ತಡ ಬಿದ್ದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಅನುಮಾನಿಸಿ. 1943ರ ನವೆಂಬರ್‌ನಲ್ಲಿ ಗವರ್ನರ್, ಅಂದರೆ ಎಂಜಿನ್ ಸುತ್ತಿಗೆ ಮಿತಿ ಹಾಕುವ ಭಾಗ, ಅದನ್ನು ಬಿಗಿದು ಸುತ್ತು 2500ಕ್ಕೆ ಇಳಿಸಿದರು, ಬಲ ಸುಮಾರು 600ಕ್ಕೆ ಇಳಿಯಿತು. ಅದೇ ಸರಿಯಾದ ಔಷಧಿ ಅಂತ ನನಗನ್ನಿಸುತ್ತದೆ. 100 ಅಶ್ವಶಕ್ತಿ ಹೋದರೂ ಎಂಜಿನ್ ಉಳಿಯಿತು. ಮೇಲೆ ಹೇಳಿದ ಗುಡೇರಿಯನ್ ವರದಿಯಲ್ಲಿ ಎಂಜಿನ್ ಬಾಳಿಕೆ 700ರಿಂದ 1000 ಕಿಲೋಮೀಟರ್ ಅಂತ ಇದೆ.

ಬೆಂಕಿಯ ಮೂಲ ಬೇರೆ. ನದಿಯಲ್ಲಿ ಮುಳುಗಿ ದಾಟಬೇಕು ಅಂತ ಎಂಜಿನ್ ಕೋಣೆಗೆ ನೀರು ಬಾರದ ಹಾಗೆ ಸೀಲ್ ಹಾಕಿದ್ದರು. ನೀರು ಬಾರದ ಕೋಣೆಗೆ ಗಾಳಿಯೂ ಸರಿಯಾಗಿ ಬರಲ್ಲ. ಪೆಟ್ರೋಲ್ ಪಂಪಿನಿಂದ, ಪೈಪಿನ ಜೋಡಣೆಯಿಂದ ತೊಟ್ಟಿಕ್ಕಿದ ಪೆಟ್ರೋಲಿನ ಆವಿ ಹೊರಗೆ ಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ. ಕೆಂಪಗೆ ಕಾದ ಎಕ್ಸಾಸ್ಟ್ ಪಕ್ಕದಲ್ಲೇ ಇದೆ. ಬಂಡಿಗೆ ಹೊಡೆತ ತಗುಲದೆ ಬೆಂಕಿ ಹತ್ತಿತು ಅಂದರೆ ಇದೇ ಜಾಗ. ಹಿಂದಿನಿಂದ ಎ ಮಾದರಿಯ ಫೋಟೋ ನೋಡಿದರೆ ಎಡಗಡೆಯ ಎಕ್ಸಾಸ್ಟ್ ಕೊಳವೆಯ ಅಕ್ಕಪಕ್ಕ ಇನ್ನೆರಡು ಕೊಳವೆ ಕಾಣುತ್ತವೆ, ಒಟ್ಟು ಮೂರು. ಆ ಎರಡು ತಂಪು ಮಾಡಲು ಆಮೇಲೆ ಸೇರಿಸಿದ್ದು. ಪೆಟ್ಟು ತಿಂದು ಕಲಿತ ಪಾಠ ಲೋಹದಲ್ಲಿ ಹೀಗೆ ಕಣ್ಣಿಗೆ ಕಾಣುವುದನ್ನು ನೋಡಿದಾಗ ನನಗೆ ಖುಷಿಯಾಗುತ್ತದೆ.

ತಿರುಗುವುದಿಲ್ಲ, ಅಥವಾ ಬೇಕಾದಷ್ಟು ತಿರುಗುವುದಿಲ್ಲ

ಇದು ಬಹಳ ಸಲ ದೋಷವೇ ಅಲ್ಲ. ಪ್ಯಾಂಥರ್‌ನಲ್ಲಿ 7 ಗೇರು, ಪ್ರತಿ ಗೇರಿಗೂ ಒಂದೊಂದು ನಿಗದಿಯಾದ ತಿರುವು. ಮೊದಲನೇ ಗೇರಿನಲ್ಲಿ 5 ಮೀಟರ್ ತ್ರಿಜ್ಯ, ಏಳನೆಯದರಲ್ಲಿ 80 ಮೀಟರ್. ಅದಕ್ಕಿಂತ ಬಿಗಿಯಾಗಿ ತಿರುಗಬೇಕಾದರೆ ಆ ಕಡೆಯ ಬ್ರೇಕ್ ಹಿಡಿಯಬೇಕು. ಬ್ರೇಕ್ ಜಾಸ್ತಿ ಬಿಸಿಯಾಗಿದೆ, ಸವೆದಿದೆ ಅಂದರೆ ಚಾಲಕ ಗೇರು ಇಳಿಸದೆ ಬ್ರೇಕ್ ಮೇಲೇ ತಿರುಗಿಸುತ್ತಿದ್ದಾನೆ ಅಂತ ಅರ್ಥ. ಗಾಡಿಗಿಂತ ಮೊದಲು ಅವನ ಜೊತೆ ಮಾತಾಡಿ.

ಚಕ್ರದ ಕಡೆ

ದೊಡ್ಡ ಚಕ್ರಗಳು ಒಂದರ ಮೇಲೊಂದು ಹೆಣೆದ ಹಾಗೆ ಕೂತಿವೆ. ಭಾರ ಚೆನ್ನಾಗಿ ಹಂಚುತ್ತದೆ, ಓಟ ಮೆತ್ತಗಿರುತ್ತದೆ. ಆದರೆ ಒಳಗಿನ ಒಂದು ಚಕ್ರ ಬದಲಿಸಲು ಹೊರಗಿನ ಹಲವನ್ನು ಬಿಚ್ಚಬೇಕು. ರಷ್ಯಾದ ಚಳಿಗಾಲದಲ್ಲಿ ರಾತ್ರಿ ಅವುಗಳ ನಡುವೆ ತುಂಬಿದ ಕೆಸರು ಗಟ್ಟಿಯಾಗಿ, ಬೆಳಗ್ಗೆ ಚಕ್ರವೇ ತಿರುಗದೆ ಇರುತ್ತಿತ್ತು. ಬೆಳಗ್ಗೆ ಮಾತ್ರ ಗಾಡಿ ಕದಲುವುದಿಲ್ಲ, ನಿನ್ನೆ ಸಂಜೆ ಸರಿಯಿತ್ತು ಅನ್ನುವ ದೂರು ಬಂದರೆ ಗೇರ್ ಬಾಕ್ಸ್ ಬಿಚ್ಚುವ ಮೊದಲು ಇದನ್ನು ನೋಡಿ.

ಚಕ್ರದ ರಬ್ಬರ್ ಹಿಡಿಯುವ ಬಳೆಗೆ ಮೊದಲು 16 ಬೋಲ್ಟ್ ಇದ್ದವು, ಆಮೇಲೆ 24. ಫೋಟೋದಲ್ಲಿ ಎಣಿಸಿದರೆ ಗಾಡಿಯ ವಯಸ್ಸನ್ನು ಅಂದಾಜು ಮಾಡಬಹುದು, ಆದರೆ ಚಕ್ರವನ್ನು ರಿಪೇರಿಯಲ್ಲಿ ಬದಲಿಸಿರುವ ಸಾಧ್ಯತೆಯೂ ಇದೆ.

ಇದೇ ರೋಗ ಬೇರೆ ಮೈಯಲ್ಲಿ: ಪಾಂಜರ್ 4

ಪ್ಯಾಂಥರ್ ಒಂದರ ಮೇಲೇ ತಪ್ಪು ಹೊರಿಸುವುದು ಸರಿಯಲ್ಲ. ಇನ್ನೊಂದು ಜರ್ಮನ್ ಟ್ಯಾಂಕ್ ಪಾಂಜರ್ 4 ಯುದ್ಧಕ್ಕೆ ಮೊದಲು ಶುರುವಾದಾಗ ಸುಮಾರು 18 ಟನ್. ಎಚ್ ಮಾದರಿಗೆ ಬರುವಾಗ 25 ಟನ್, ಎಂಜಿನ್ ಮಾತ್ರ ಬಿ ಮಾದರಿಯಿಂದ ಬಂದ ಅದೇ 300 ಅಶ್ವಶಕ್ತಿಯ ಎಚ್‌ಎಲ್ 120. ಸಣ್ಣ ಚಕ್ರ, ಪಟ್ಟಿ ಸ್ಪ್ರಿಂಗು, ಎಲ್ಲ ಹಳೆಯದೇ. ಕೊನೆಯ ಜೆ ಮಾದರಿಯಲ್ಲಿ ಗೋಪುರ ತಿರುಗಿಸುವ ಮೋಟಾರನ್ನೇ ತೆಗೆದು ಆ ಜಾಗಕ್ಕೆ ಇನ್ನೊಂದು ಪೆಟ್ರೋಲ್ ಟ್ಯಾಂಕ್ ಇಟ್ಟರು. ಆದ್ದರಿಂದ ಜೆ ಮಾದರಿಯಲ್ಲಿ ‘ಗೋಪುರ ನಿಧಾನ ತಿರುಗುತ್ತದೆ’ ಅಂದರೆ ದೋಷ ಹುಡುಕಬೇಡಿ, ಕೈಯಲ್ಲಿ ತಿರುಗಿಸುತ್ತಿದ್ದಾರೆ.

ಅದರ ಮೇಲೆಯೇ ಗೋಪುರವಿಲ್ಲದ ಟ್ಯಾಂಕ್ ಬೇಟೆಗಾರ ಕಟ್ಟಿದರು. ಅದಕ್ಕೆ ಪ್ಯಾಂಥರ್‌ನ ಉದ್ದ ಫಿರಂಗಿಯನ್ನೇ ಕೂರಿಸಿದಾಗ ಮೂತಿ ಭಾರವಾಗಿ ಕೆಳಗೆ ಬಾಗಿತು. ಸೈನಿಕರು ಅದನ್ನು ‘ಗುಡೇರಿಯನ್‌ನ ಬಾತುಕೋಳಿ’ ಅಂತ ಕರೆದರು. ಲಕ್ಷಣ ಸ್ಪಷ್ಟ: ಮುಂದಿನ ಎರಡು ಚಕ್ರದ ರಬ್ಬರ್ ಮಾತ್ರ ಬೇಗ ಕಿತ್ತು ಬರುತ್ತದೆ, ಹಿಂದಿನವು ಚೆನ್ನಾಗಿರುತ್ತವೆ. ರಬ್ಬರ್ ಕೆಟ್ಟದ್ದು ಅಂತ ತಯಾರಕನನ್ನು ಬೈದರೆ ಪ್ರಯೋಜನ ಇಲ್ಲ. ಅವರು ಮುಂದಿನ ಎರಡಕ್ಕೆ ಉಕ್ಕಿನ ಅಂಚಿನ ಚಕ್ರ ಹಾಕಿದರು. ಭಾರ ಅಲ್ಲೇ ಉಳಿಯಿತು, ರಬ್ಬರ್ ಹೋಗುವುದು ಮಾತ್ರ ನಿಂತಿತು.

ಪ್ಯಾಂಥರ್ ವಂಶದ ಯಾಗ್ಡ್‌ಪ್ಯಾಂಥರ್‌ಗೆ, ಅಂದರೆ 8.8 ಸೆಂಟಿಮೀಟರ್ ಫಿರಂಗಿಯ ಬೇಟೆಗಾರ ಗಾಡಿಗೆ, ಇನ್ನೂ ಗಟ್ಟಿಯಾದ ಎಕೆ 7-400 ಗೇರ್ ಬಾಕ್ಸ್ ಕೊಟ್ಟರು. ಮಾಮೂಲಿ ಪ್ಯಾಂಥರ್‌ನದು ಎಕೆ 7-200. ಇಲ್ಲಿ ಭಾರ ಏರಿದ್ದನ್ನು ಯಾರೋ ಗಮನಿಸಿ ಗೇರ್ ಬಾಕ್ಸ್ ಕೂಡ ಏರಿಸಿದ್ದಾರೆ. ಎಲ್ಲ ಕಡೆ ಹೀಗೆ ಮಾಡಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ.

ಎಳೆದು ತರುವ ಮೊದಲು

ದೋಷ ಗೊತ್ತಾಯಿತು, ಗಾಡಿಯನ್ನು ವರ್ಕ್‌ಶಾಪಿಗೆ ತರಬೇಕು. ಇಲ್ಲೇ ಎರಡನೇ ಗಾಡಿ ಹೋಗುವುದು. ಮುಂಚೂಣಿಯಲ್ಲಿ ಕೈಗೆ ಸಿಕ್ಕಿದ್ದು ಇನ್ನೊಂದು ಪ್ಯಾಂಥರ್, ಅದಕ್ಕೇ ಹಗ್ಗ ಕಟ್ಟಿ ಎಳೆಸುತ್ತಾರೆ. 45 ಟನ್‌ಗೇ ಏದುಸಿರು ಬಿಡುತ್ತಿದ್ದ ಫೈನಲ್ ಡ್ರೈವ್ ಮೇಲೆ ಈಗ 90 ಟನ್. 18 ಟನ್ನಿನ ಅರೆಚೈನು ಗಾಡಿಗಳು (ಮುಂದೆ ಚಕ್ರ, ಹಿಂದೆ ಚೈನು) ಇದ್ದವು, ಆದರೆ ಒಂದು ಪ್ಯಾಂಥರ್‌ಗೆ ಎರಡು ಮೂರು ಬೇಕಾಗುತ್ತಿತ್ತು. ಕೆಟ್ಟ ಕಡೆಯ ಸ್ಪ್ರಾಕೆಟ್‌ನಿಂದ ಚೈನು ಬಿಡಿಸದೆ ಎಳೆದರೆ ಮುರಿದ ಚೂರುಗಳು ಒಳಗೆ ತಿರುಗಿ ಹೌಸಿಂಗನ್ನೂ ತಿನ್ನುತ್ತವೆ.

ಸರಿಯಾದ ಗಾಡಿ ಬೇರ್ಗೆಪ್ಯಾಂಥರ್. ಗೋಪುರ ತೆಗೆದು ಆ ಜಾಗದಲ್ಲಿ 40 ಟನ್ ಎಳೆಯುವ ವಿಂಚ್ ಇಟ್ಟದ್ದು, ಹಿಂದೆ ನೆಲಕ್ಕೆ ಊರುವ ದೊಡ್ಡ ಸಲಿಕೆ. ಮೊದಲ ಕೆಲವು ಗಾಡಿಗಳಲ್ಲಿ ವಿಂಚೂ ಸಲಿಕೆಯೂ ಇರಲಿಲ್ಲ, ಹಾಗಾಗಿ ಫೋಟೋದಲ್ಲಿ ಸಲಿಕೆ ಇದೆಯಾ ಅಂತ ನೋಡಿಕೊಳ್ಳಿ. ಇದರ ಚೈನಿನ ಹಿಂದೆಯೂ ಅದೇ ದುರ್ಬಲ ಫೈನಲ್ ಡ್ರೈವ್ ಇದೆ. ಆದರೆ ಸಲಿಕೆಯನ್ನು ನೆಲಕ್ಕೆ ಊರಿ, ನಿಂತಲ್ಲೇ ವಿಂಚಿನಿಂದ ಎಳೆದರೆ ಎಳೆತದ ಭಾರವನ್ನು ನೆಲವೇ ತಡೆಯುತ್ತದೆ, ಗೇರಿನ ಹಲ್ಲಿಗೆ ಹೋಗುವುದಿಲ್ಲ. ಮೊದಲು ಸಲಿಕೆ ಊರಿ, ಆಮೇಲೆ ವಿಂಚಿನ ಹಗ್ಗ ಬಿಗಿ ಮಾಡಿ.